ಕೂಗಿ ಹೇಳಿದ ಎತ್ತರ

ಜೂನ್ 12, ಸೋಮವಾರ

ಐದನೇ ತರಗತಿಯ ಎತ್ತರ ಅಳೆದು ಮುಗಿಸಿದೆ. ನಲವತ್ತೊಂದು ಮಕ್ಕಳು. ಬೂಟು ಬಿಚ್ಚಿಸುವಷ್ಟರಲ್ಲೇ ಅರ್ಧ ಪಿರಿಯಡ್ ಹೋಯಿತು. ಪ್ರತಿ ವರ್ಷದ ಹಾಗೆ ಶಾಲೆಯ ನರ್ಸ್ ಆದ ನಾನು ಕೂಗುವುದು, ಕ್ಲಾಸ್ ಟೀಚರ್ ಕಾರ್ಡಿಗೆ ಬರೆಯುವುದು, ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿಕೊಂಡು ಕೇಳುವುದು.

ಗುಬ್ಬಿಯ ಸರದಿ ಬಂದಾಗ ಹಿಂದಿನಿಂದ ಯಾರೋ ಕಿಸಕ್ಕೆಂದರು. ಆ ಹೆಸರಿಟ್ಟವರೂ ಅವರೇ. ಈಗ ನನ್ನ ಬಾಯಲ್ಲೂ ಅದೇ. ಅಳತೆಗೋಲಿನಲ್ಲಿ ಕಂಡದ್ದು 119.5 ಸೆಂಟಿಮೀಟರ್. ಕೂಗಿದ್ದು 128. ನನ್ನ ಮುಖ ನೋಡಿ ನಕ್ಕಳು. ಹತ್ತು ವರ್ಷದ ಮಗು. ಇರಲಿ ಬಿಡು...

ಇಷ್ಟು ಸೆಕೆಯಲ್ಲೂ ಸ್ವೆಟರ್. ಚಳಿಯಂತೆ.

ಜೂನ್ 15

ಮಕ್ಕಳ ಡಾಕ್ಟರ್ ಬಂದಿದ್ದರು. ಕಾರ್ಡ್ ನೋಡಿ ಗುರುತು ಹಾಕುತ್ತಾರೆ, ಗುರುತು ಬಿದ್ದ ಮಗುವನ್ನಷ್ಟೇ ಒಳಗೆ ಕರೆಯುತ್ತಾರೆ. ಗುಬ್ಬಿಯ ಕಾರ್ಡಿನ ಮೇಲೆ ಪೆನ್ನು ನಿಂತಿತು.

"ಕುಳ್ಳಗಿದ್ದಾಳೆ. ಆದ್ರೆ ವರ್ಷಕ್ಕೆ ಐದೈದು ಸೆಂಟಿಮೀಟರ್ ಬೆಳೀತಿದ್ದಾಳಲ್ಲ. ಅಮ್ಮನೂ ಗಿಡ್ಡ ಅಂತೀರಿ. ಬಿಡಿ."

ಕಾರ್ಡ್ ಪಕ್ಕಕ್ಕೆ ಹೋಯಿತು. ನಾನು ತಲೆಯಾಡಿಸಿದೆ.

ಟೀ ಕುಡಿಯುತ್ತ ಹೇಳುತ್ತಿದ್ದರು — ಕುಳ್ಳಗಿರುವುದಕ್ಕಿಂತ ಬೆಳವಣಿಗೆ ನಿಧಾನವಾಗುವುದು ಹೆಚ್ಚು ಯೋಚಿಸಬೇಕಾದ ವಿಷಯವಂತೆ. ಥೈರಾಯ್ಡ್ ಕೈಕೊಟ್ಟರೆ ಹಾಗಾಗುತ್ತದೆ, ಮಗುವಿಗೆ ಸದಾ ನಿದ್ದೆ, ಸದಾ ಚಳಿ... ಗುಬ್ಬಿಯ ಸ್ವೆಟರ್ ನೆನಪಾಯಿತು. ಆದರೂ ಅವಳ ಕಾರ್ಡನ್ನು ಉಳಿದವುಗಳ ಜೊತೆ ಕಟ್ಟಿಟ್ಟೆ.

ಜೂನ್ 16, ಬೆಳಿಗ್ಗೆ 6

ಹಳೇ ಡೈರಿಗಳನ್ನು ತೆಗೆದೆ. ಕಾರ್ಡಿಗೆ ಸುಳ್ಳು, ಇಲ್ಲಿಗೆ ನಿಜ. ಭಾರೀ ಬುದ್ಧಿವಂತೆ ನಾನು. ಮೂರನೇ ಕ್ಲಾಸಿನಲ್ಲಿ 116. ಮಕ್ಕಳು ಆಡಿಕೊಂಡರು, ಅತ್ತಳು, 118 ಎಂದು ಕೂಗಿದೆ. ಹೋದ ವರ್ಷ ನಿಜಕ್ಕೂ 118. ಕಾರ್ಡಿಗೆ ತಾಳೆಯಾಗಬೇಕಲ್ಲ, 123 ಎಂದೆ. ಎರಡು ವರ್ಷದಲ್ಲಿ ಮಗು ಬೆಳೆದದ್ದು ಬರೀ ಮೂರೂವರೆ. ಮಿಕ್ಕಿದ್ದೆಲ್ಲ ನನ್ನ ಬಾಯಿ ಬೆಳೆಸಿದ್ದು.

ಕನಿಕರ ಅಂದುಕೊಂಡಿದ್ದೆ. ಎಂಥ ಕೆಲಸ ಮಾಡಿಬಿಟ್ಟೆ.

ಜೂನ್ 19

ಎರಡು ದಿನ ಹೊಟ್ಟೆನೋವೆಂದು ರಜೆ ಹಾಕಿದ್ದೆ. ಅದೂ ಸುಳ್ಳು. ಇವತ್ತು ಡಾಕ್ಟರ ಕ್ಲಿನಿಕ್ಕಿಗೆ ಹೋಗಿ ಡೈರಿಗಳನ್ನು ಮೇಜಿನ ಮೇಲಿಟ್ಟೆ. ಓದಿದರು. ಕನ್ನಡಕ ತೆಗೆದರು.

"ನನ್ನ ಕಣ್ಣಿಗೆ ಮಣ್ಣೆರಚಿದ್ದು ಹೋಗಲಿ. ಅವಳ ಅಮ್ಮಂಗೆ ನೀವೇ ಹೇಳ್ಬೇಕು. ನಾನು ಹೇಳೋದಿಲ್ಲ."

ಗುಬ್ಬಿಗೆ ನಾಳೆಯೇ ರಕ್ತಪರೀಕ್ಷೆ. ಹೆಡ್‌ಮಿಸ್ಸಿಗೂ ಬರೆಯುತ್ತಾರಂತೆ. ಬರೆಯಲಿ.

ಜೂನ್ 28

ಥೈರಾಯ್ಡೇ. ದಿನಕ್ಕೊಂದು ಮಾತ್ರೆ. ಇನ್ನು ಬೆಳೆಯುತ್ತಾಳೆ, ಆದರೆ ತಪ್ಪಿಹೋದದ್ದೆಲ್ಲ ವಾಪಸ್ ಬರುತ್ತದೆಂದು ಮಾತು ಕೊಡಲಾರೆ ಎಂದರು ಡಾಕ್ಟರ್, ಫೋನಿನಲ್ಲಿ. ಅಮ್ಮನಿಗೆ ಹೇಳಿದಿರಾ ಎಂದು ಕೇಳಿದರು. ಇಲ್ಲ.

ಜುಲೈ 4

ಗುಬ್ಬಿಯ ಅಮ್ಮ ಬಂದಿದ್ದರು. ಮನೆಯಲ್ಲೇ ಹೊಲಿಗೆ ಮಾಡುವವರು. ನನ್ನ ಎರಡೂ ಕೈ ಹಿಡಿದುಕೊಂಡರು.

"ಯೂನಿಫಾರ್ಮಿನ ಅಂಚು ಮಡಿಚಿದ್ದು ಎರಡು ವರ್ಷದಿಂದ ಬಿಚ್ಚೇ ಇಲ್ಲ ಸಿಸ್ಟರ್. ಕಾರ್ಡಲ್ಲಿ ಬೆಳೆದಿದ್ದಾಳಲ್ಲ, ನಾನೇ ಉದ್ದ ಹೊಲಿದಿದ್ದೆ ಅಂದ್ಕೊಂಡೆ. ಸದ್ಯ, ನೀವು ಕಂಡುಹಿಡಿದ್ರಿ."

ತಮ್ಮ ಕೈಯಳತೆಯನ್ನು ಬಿಟ್ಟು ನನ್ನ ಕಾರ್ಡನ್ನು ನಂಬಿದ್ದಾರೆ. ಹೊಸ ಬಿಳಿ ಕೋಟು ಹೊಲಿದುಕೊಡುತ್ತಾರಂತೆ, ನನಗೆ. ನಾಚಿಕೆಯಿಂದ ಸಾಯುವಂತಾಯಿತು. ಆದರೂ ಅಳತೆ ಕೊಟ್ಟೆ!

ಜುಲೈ 7, ಸಂಜೆ

ಗುಬ್ಬಿಯ ಮನೆಗೆ ಹೋಗಿ ಬಂದೆ. ಮಷಿನ್ ಮೇಲೆ ಅರ್ಧ ಹೊಲಿದ ಕೋಟು. ಡೈರಿ ತೆರೆದು ತೋರಿಸಿ ಎಲ್ಲ ಹೇಳಿದೆ, ಮೊದಲಿನಿಂದ. ಮಷಿನ್ ನಿಂತಿತು. ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಕೊರಳಲ್ಲಿದ್ದ ಟೇಪು ತೆಗೆದು ನನ್ನ ಮುಂದೆ ಹಾಸಿದರು.

"ಎಷ್ಟು ಹೋಯ್ತು, ಇದರಲ್ಲಿ ತೋರ್ಸಿ."

ಬೆರಳು ಮೂರರ ಹತ್ತಿರ ನಿಂತಿತು. ಪಾಪ, ಅಷ್ಟು ಸಾಕಲ್ಲವೇ ಅನ್ನಿಸಿತು... ಮತ್ತೆ ಅದೇ ಬುದ್ಧಿ. ಕಾರ್ಡಿನ ಹತ್ತರಲ್ಲಿ ಅವಳು ಬೆಳೆದ ಮೂರೂವರೆ ಕಳೆದು ಆರೂವರೆ ಸೆಂಟಿಮೀಟರಿಗೆ ಒಯ್ದೆ. ಆಕೆ ಅಲ್ಲಿ ಗುಂಡುಪಿನ್ ಚುಚ್ಚಿ, ಅದನ್ನೇ ನೋಡುತ್ತ ಕೂತರು.

ಒಳಗೆ ಮಲಗಿದ್ದ ಗುಬ್ಬಿ ಕಣ್ಣುಜ್ಜುತ್ತ ಬಂದಳು. ಟೇಪು ಕಂಡದ್ದೇ ಗೋಡೆಗೆ ಒರಗಿ ನೆಟ್ಟಗೆ ನಿಂತಳು.

"ಸಿಸ್ಟರ್, ಈಗ ನಾನೆಷ್ಟು?"

ಅಮ್ಮ ನನ್ನತ್ತ ನೋಡಿದರು. ನೂರಾ ಹತ್ತೊಂಬತ್ತೂವರೆ ಎಂದೆ. ಅವಳ ಮುಖ ಬಾಡಿತು. "ನೂರಾ ಇಪ್ಪತ್ತೆಂಟು ಅಂದಿದ್ರಲ್ಲ?"