ಎರಡು ನಿಮಿಷ ನಲವತ್ತೊಂದು ಸೆಕೆಂಡು

ಸೋಮವಾರ, 9. ಬೆಳಿಗ್ಗೆ 5:50

ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸಿದ್ದಾಯಿತು. ಆರೂ ಇಪ್ಪತ್ತರ ಬಸ್ಸು ಕೂಗಲು ಸ್ಟ್ಯಾಂಡಿನ ಮೈಕ್ ಮುಂದೆ ಕೂರಬೇಕು. ಅಷ್ಟರಲ್ಲಿ — ಸಿಡಿಲು! ಅಣ್ಣನ ವಾಯ್ಸ್ ಮೆಸೇಜು. ಎರಡು ನಿಮಿಷ ನಲವತ್ತೊಂದು ಸೆಕೆಂಡು. ನಮ್ಮ ನಾಟಕ ಕಂಪನಿ ಮುಚ್ಚಿದ ದಿನ ಜಗಳವಾಡಿ ಹೋದ ಅಣ್ಣ. ಒಂಬತ್ತು ವರ್ಷ ಒಂದು ಮಾತಿಲ್ಲ.

ಕೇಳಲಿಲ್ಲ. ಅಂಥ ಕಂಠವನ್ನು ಹಲ್ಲುಜ್ಜುತ್ತ ಕೇಳುವುದೇ? ಸಂಜೆ ಸ್ನಾನ ಮಾಡಿ, ಇಸ್ತ್ರಿ ಅಂಗಿ ತೊಟ್ಟು, ಕುರ್ಚಿ ಹಾಕಿಕೊಂಡು...

“ಈಗ್ಲೇ ಕೇಳ್ರೀ,” ಎಂದಳು ಮನೆಯವಳು. “ಅದಕ್ಕೇನು ನಾಟಕದ ಹಾಗೆ ಮೂರನೇ ಬೆಲ್ ಆಗ್ಬೇಕಾ?”

ಆಗಬೇಕು!

ಅದೇ ದಿನ, ಸಂಜೆ 6:30

ಫೋನು ಹೋಯಿತು. ಟೀ ಅಂಗಡಿಯ ನೂಕುನುಗ್ಗಲಿನಲ್ಲಿ, ಜೇಬಿನಿಂದ, ಹೂವು ಕಿತ್ತಂತೆ. ಠಾಣೆಗೆ ಟೀಯವನೂ ಜೊತೆಗೆ ಬಂದ.

“ಫೋನಿಗೆ ಲಾಕ್ ಇತ್ತಾ?” ಎಂದ ರೈಟರ್.

“ಭದ್ರವಾಗಿತ್ತು!”

ಟೀಯವ ಕಿಸಕ್ಕೆಂದ. “ಏನ್ ಭದ್ರ ಮಾಮ? ತೆಗೆಯೋವಾಗೆಲ್ಲ ‘ನಾಲ್ಕು! ಏಳು! ಒಂದು! ಒಂದು!’ ಅಂತ ಡೈಲಾಗ್ ಹೊಡೀತೀರಿ. ನನ್ನಂಗಡಿ ಲೋಟಗಳಿಗೂ ಬಾಯಿಪಾಠ ಆಗಿದೆ.”

“ಮೆಲ್ಲಗೆ ಮಾತಾಡೋಕೆ ಬರಲ್ವಾ ನಿಮಗೆ?” ಎಂದ ರೈಟರ್.

ಬರುವುದಿಲ್ಲ. ಕೊನೆಯ ಸಾಲಿಗೆ ಕೇಳಿಸದ ಮಾತು ಮಾತೇ ಅಲ್ಲ — ಕಲಿಸಿದವನೇ ಅಣ್ಣ.

ಮಂಗಳವಾರ, 10

ಮೊಬೈಲ್ ಅಂಗಡಿಯವಳು ಚುರುಕು. ಸಿಮ್ ಬ್ಲಾಕ್ ಮಾಡಿಸಿದಳು.

“ಆದ್ರೂ ವೈಫೈ ಸಿಕ್ರೆ ನಿಮ್ಮ ಹೆಸರಲ್ಲಿ ಮೆಸೇಜ್ ಹಾಕ್ತಾನೆ ಸರ್. ಇಲ್ಲಿಂದಲೇ ಫೋನ್ ಪೂರ್ತಿ ಅಳಿಸಿಬಿಡ್ಲಾ?”

“ಅಣ್ಣನ ದನಿ?”

“ಅದೂ ಹೋಗುತ್ತೆ. ಇನ್ನೊಂದ್ಸಲ ಕಳಿಸು ಅನ್ನಿ.”

ಅವನಿಗೆ? ಯಾವ ಮುಖ ಹೊತ್ತು? ಪೊಲೀಸರು ಹಿಡಿದರೂ ಹಿಡಿಯಬಹುದು.

“ಒಂದು ದಿನ ತಡಿಯಮ್ಮ,” ಎಂದೆ. ತಡೆದಳು.

ಗುರುವಾರ, 12

ಮನೆಯವಳ ಫೋನಿಗೆ ಅಕ್ಕ.

“ಅಣ್ಣನ ಹತ್ರ ದುಡ್ಡು ಕೇಳಿದೀಯಂತೆ! ‘ಅರ್ಜೆಂಟು, ಈಗ್ಲೇ ಹಾಕು’ ಅಂತ. ನಾಚಿಕೆ ಆಗಲ್ವೇನೋ?”

“ನಾನಲ್ಲ ಅಕ್ಕಾ! ಕಳ್ಳ!”

“ಅವನೂ ಹಾಗೇ ಅಂತಾನೆ. ಕಳ್ಳ ಅಂತ. ನಿನ್ನನ್ನೇ.”

ಹೇಳಿದೆ. ಕೂಗಿ ಹೇಳಿದೆ. ಅಕ್ಕ ನಂಬಿದಳು, ಅಣ್ಣ ನಂಬುವ ಹಾಗಿಲ್ಲ. ಅವನ ಫೋನಿನಲ್ಲಿ ನೀಲಿ ಗುರುತು ಬಿದ್ದಿದೆಯಂತೆ, ಮೆಸೇಜು ಕೇಳಿಯಾಗಿದೆ ಎಂದು. ‘ಅದನ್ನ ಕೇಳಿಯೂ ದುಡ್ಡು ಕೇಳಿದ್ನಲ್ಲ’ ಎನ್ನುತ್ತಾನಂತೆ.

ಏನು ಹೇಳಿದ್ದ? ಅಕ್ಕನಿಗೂ ಗೊತ್ತಿಲ್ಲ. ಲೋಕದಲ್ಲಿ ಇಬ್ಬರಿಗೆ ಮಾತ್ರ ಗೊತ್ತು. ಅಣ್ಣನಿಗೆ. ಕಳ್ಳನಿಗೆ.

ಮಧ್ಯಾಹ್ನ ಅಂಗಡಿಗೆ ಹೋಗಿ ಫೋನು ಅಳಿಸಿಸಿದೆ. ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ.

ಶನಿವಾರ, 14

ಹೊಸ ಫೋನು. ಬೆರಳಚ್ಚಿನ ಲಾಕು. ಮನೆಯವಳು ಅಂಗಿಯ ಒಳಗೆ ಜಿಪ್ಪಿನ ಜೇಬು ಹೊಲಿದಳು. ಅಂಗಡಿಯವಳು ಡಬ್ಬಿಯ ಮೇಲಿನ ಹದಿನೈದು ಅಂಕಿ ಬರೆದಿಟ್ಟುಕೊಳ್ಳಿ, ಕಳೆದರೆ ಹುಡುಕಲು ಬೇಕಾಗುತ್ತೆ ಎಂದಳು. ಬರೆಯುತ್ತ ಓದಿದೆ. ಎದುರಿನ ಕಟಿಂಗ್ ಶಾಪಿನವನು ತಿರುಗಿ ನೋಡಿದ.

“ಬಾಯಿ ಮುಚ್ಕೊಂಡು ಬರೀರಿ ಸರ್!” ಎಂದಳು.

ಭಾನುವಾರ, 15. ಮಧ್ಯಾಹ್ನ 12:20

ಅಣ್ಣನಿಗೆ ಫೋನ್ ಮಾಡಿದೆ. ಎತ್ತಿದ!

“ಅಕ್ಕ ಹೇಳಿದ್ಳು. ಕಳ್ಳ ಅಂತೆ. ಆಯ್ತು. ನಾನು ಬೆಳಿಗ್ಗೆ ಐದೂವರೆಗೆ ಕಳಿಸಿದ್ದೆ. ಸಂಜೆ ತನಕ ಯಾಕೋ ಕೇಳ್ಲಿಲ್ಲ?”

ಸ್ನಾನ, ಇಸ್ತ್ರಿ, ಕುರ್ಚಿ — ಎಲ್ಲ ಹೇಳಿದೆ. ನನ್ನ ದನಿ ನನಗೇ ಕೇಳಿಸಲಿಲ್ಲ.

“ಇನ್ನೊಂದ್ಸಲ ಕಳಿಸಣ್ಣ.”

“ದುಡ್ಡಿನ ಮೆಸೇಜು ಬಂದ ತಕ್ಷಣ ನನ್ನ ಫೋನಲ್ಲೂ ಅಳಿಸಿಬಿಟ್ಟೆ ಕಣೋ. ಅಷ್ಟು ಹೇಳೋಕೆ ಒಂಬತ್ತು ವರ್ಷ ಹಿಡೀತು. ಮತ್ತೆ ನನ್ನ ಕೈಲಾಗಲ್ಲ.”

ಬಲಗೈಯಲ್ಲಿ ಡೈರಿ ಎಳೆದುಕೊಂಡೆ. ಕಟ್ ಮಾಡಿಲ್ಲ. ಈಗಲೂ ಮಾಡಿಲ್ಲ — ಎಡಗಿವಿಗೆ ಫೋನು ಒತ್ತಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ನಾಲ್ಕು ನಿಮಿಷವಾಯಿತು. ಅವನ ಕಡೆ ಯಾವುದೋ ಬಾಗಿಲು ಹಾಕಿದ ಸದ್ದು. ನಾನೇ ಏನಾದರೂ ಹೇಳಬೇಕು. ಏನಂತ ಹೇಳಲಿ? ಅವನು ಏನು ಹೇಳಿದ್ದನೆಂದೇ ತಿಳಿಯದೆ... ಕೆಮ್ಮಿದ. ‘ನೋಡು’ ಅಂದ. ಪೆನ್ನು ಇಡುತ್ತೇನೆ, ಏನೋ ಹೇಳ—