ವಾಪಸ್ ಹೋದ ಕ್ರೇನ್

ಗುರುವಾರ, ಅಕ್ಟೋಬರ್ 6, 2016, ಕರ್ಕ್‌ಲ್ಯಾಂಡ್

ಬಂದ ಕ್ರೇನ್ ಹಾಗೇ ವಾಪಸ್ ಹೋಯ್ತು. ಹಿತ್ತಲ ಫರ್ ಮರ ಅತ್ತೆ ರೂಮಿನ ಕಡೆಗೇ ವಾಲಿದೆ. ಅದನ್ನ ತುಂಡು ತುಂಡಾಗಿ ಕತ್ತರಿಸಿ, ಚಾವಣಿ ಮೇಲಿಂದ ಎತ್ತಿ ರಸ್ತೆಗೆ ಇಳಿಸಬೇಕು. ಅಷ್ಟು ಹೊತ್ತು ಮನೆಯೊಳಗೆ ಯಾರೂ ಇರೋ ಹಾಗಿಲ್ಲ.

"ನವರಾತ್ರಿ ದೀಪ ಹಚ್ಚಿದ ಮೇಲೆ ಮನೆ ಖಾಲಿ ಬಿಡಬಾರದು ಮಾಧವಿ, ನಾನು ಬರಲ್ಲ," ಅಂದುಬಿಟ್ರು ಅತ್ತೆ. ಗಂಡ ಅನ್ನಿಸ್ಕೊಂಡೋನು ಫೋನ್ ನೋಡ್ತಾ ನಿಂತ. ಕ್ರೇನಿನವರಿಗೆ ಅಖಂಡ ದೀಪ ಅಂದ್ರೇನು ಅಂತ ವಿವರಿಸೋ ಕರ್ಮ ನಂದು! ಕಾದು ಕಾದು ಹೋದ್ರು. ಇನ್ನು ಬರೋದು ಮುಂದಿನ ತಿಂಗಳಂತೆ.

ಈಗ ಗಾಳಿ ಎದ್ದಿದೆ. ಜಗಳ ಆಡಿ ಅತ್ತೆಗೆ ಹಾಲ್‌ನಲ್ಲಿ ಹಾಸಿಗೆ ಹಾಕಿದೆ. ಹಾಯಾಗಿ ಗೊರಕೆ ಹೊಡೀತಿದ್ದಾರೆ. ಮರ ಕಿರ್ರ್ ಅಂದಾಗಲೆಲ್ಲ ನಾನು ಎದ್ದು ನೋಡ್ತೀನಿ. ಎದ್ದ ತಪ್ಪಿಗೆ ದೀಪಕ್ಕೆ ಎಣ್ಣೆ ಹಾಕಿ ಬರ್ತೀನಿ.