ನಲವತ್ತಮೂರು ಹೆಸರುಗಳ ಕೆಂಪು ಪುಸ್ತಕ

ಮಾನ್ಯ ಠಾಣಾಧಿಕಾರಿಗಳೇ,

ನನ್ನ ಕೆಂಪು ರಟ್ಟಿನ ಪುಸ್ತಕ ಹದಿನೇಳು ದಿನಗಳಿಂದ ನಿಮ್ಮ ಮೇಜಿನ ಖಾನೆಯಲ್ಲಿದೆ. ದಯವಿಟ್ಟು ವಾಪಸು ಕೊಡಿ. ನಮಸ್ಕಾರಕ್ಕೂ ಮೊದಲೇ ಕೇಳುತ್ತಿದ್ದೇನೆ, ಮುಂದೆ ಹೋದಂತೆ ನನಗೆ ಧೈರ್ಯ ಸಾಲುವುದಿಲ್ಲ.

ಹುಮನಾಬಾದಿನಿಂದ ಈ ತೆಲುಗು ಸೀಮೆಗೆ ಬಂದು, ಲಾರಿಗಳ ಬೆನ್ನ ಮೇಲೆ ಅಕ್ಷರ ಬರೆದು, ನಾಚಾರಂನಲ್ಲಿ ಬಣ್ಣದ ಅಂಗಡಿ ಇಟ್ಟವನು ನಾನು. ಭಾನುವಾರ ಚರ್ಚಿನ ಆರಾಧನೆ ಮುಗಿಸಿ, ಬಸ್ ಸ್ಟಾಪಿನ ಎದುರು ಬೇವಿನ ಮರದ ಕೆಳಗೆ ಹಲಗೆ ನಿಲ್ಲಿಸಿ ಬೈಬಲಿನ ಚಿತ್ರ ಬರೆಯುತ್ತೇನೆ. ಉಪದೇಶವಿಲ್ಲ, ಕರಪತ್ರವಿಲ್ಲ. ಎದುರಿಗೆ ನಿಂತವರ ಮುಖಗಳೇ ಚಿತ್ರಕ್ಕೆ ಬರುತ್ತವೆ. ಮೆಕ್ಕೆಜೋಳ ಸುಡುವ ಜಯಮ್ಮ ಯೇಸುವಿಗೆ ಬಾವಿಯ ನೀರು ಸೇದಿಕೊಡುವ ಹೆಂಗಸಾದರು. ಆಟೋ ಓಡಿಸುವ ಗೋಪಿನಾಥ ಬಲೆ ಬೀಸುವ ಶಿಷ್ಯ ಪೇತ್ರನಾದ. ಮುಖ ಕೊಟ್ಟವರಿಗೆ ನಾನೇನು ಕೊಡಲಿ? ಅವರಿಗಾಗಿ ಪ್ರಾರ್ಥಿಸುತ್ತೇನೆ. ಅಂಗಡಿಕಾರನ ಚಟ ನೋಡಿ, ಬರೆದಿಡದಿದ್ದರೆ ಪ್ರಾರ್ಥನೆಯೂ ಬಾಕಿ ಉಳಿದಂತೆನಿಸುತ್ತದೆ. ಹಾಗಾಗಿ ಪುಸ್ತಕ: ‘ಜಯಮ್ಮ, ಮೊಣಕಾಲು ನೋವು. ಗೋಪಿನಾಥ, ಮಗಳ ಪರೀಕ್ಷೆ.’

ಕೆಟ್ಟಿದ್ದು ಅಲ್ಲೇ. ಯಾರೋ ದೂರು ಕೊಟ್ಟರು, ನೀವು ಬಂದಿರಿ. ಚಿತ್ರದತ್ತ ನೋಡಲೂ ಇಲ್ಲ, ಪುಸ್ತಕ ಎತ್ತಿಕೊಂಡು ‘ಎಂತಮಂದಿನಿ ಮಾರ್ಚಾವು?’ ಎಂದು ತೆಲುಗಿನಲ್ಲಿ ಗದರಿದಿರಿ. ಎಷ್ಟು ಜನರ ಮತ ಬದಲಿಸಿದೆ ಎಂದು. ಸ್ವಾಮಿ, ಮತ ಬದಲಿಸುವವನು ಹಾಡಹಗಲು ಬಸ್ ಸ್ಟಾಪಿನ ಎದುರು ಕೂತು, ತನ್ನ ವಿರುದ್ಧದ ಸಾಕ್ಷಿಯನ್ನು ತಾನೇ ದುಂಡಗೆ ಬರೆದಿಡುತ್ತಾನೆಯೇ? ಮೊಣಕಾಲು ನೋವು ಯಾವ ಕಲಮಿನಡಿ ಬರುತ್ತದೆ? ಈ ಪ್ರಶ್ನೆಗಳೆಲ್ಲ ಮನೆಗೆ ಬಂದ ಮೇಲೆ ಹೊಳೆದವು. ನಿಮ್ಮೆದುರು ಮಾಡಿದ್ದು ಒಂದೇ: ಇನ್ನು ಬೀದಿಯಲ್ಲಿ ಚಿತ್ರ ಬರೆಯುವುದಿಲ್ಲ ಎಂಬ ಕಾಗದಕ್ಕೆ ಓದದೆಯೇ ಸಹಿ ಹಾಕಿದೆ.

ಅದಾದ ವಾರದಿಂದ ಪುಸ್ತಕದ ಸಾಲಿನಂತೆಯೇ ದಿನಕ್ಕಿಬ್ಬರನ್ನು ಠಾಣೆಗೆ ಕರೆಸುತ್ತಿದ್ದೀರಿ. ಜಯಮ್ಮ ಮೆಕ್ಕೆಜೋಳ ಸುಡುತ್ತಿದ್ದ ತಮ್ಮ ಮೂಲೆ ಬಿಟ್ಟು ಹೋಗುವ ಮುನ್ನ ಅಂಗಡಿಗೆ ಬಂದಿದ್ದರು.

“ಅಣ್ಣಾರ, ನನ್ನ ಹೆಸರು ಬರಕೋರಿ ಅಂತ ನಾ ಕೇಳಿದ್ನೇನ್ರಿ?”

“ನಿಮ್ಮ ಮೊಣಕಾಲಿಗಂತ ಬರದಿದ್ದೆ, ಯವ್ವಾ.”

“ಅವಾಗ ಒಂದ ನೋಯ್ತಿತ್ರಿ. ಈಗ ಎರಡೂ ನಡಗಾಕತ್ತಾವು.”

ನಿಮ್ಮ ಜೀಪಿನ ಸದ್ದು ಕೇಳಿದರೆ ಅಂಗಡಿಯ ಬಾಗಿಲು ಅರ್ಧ ಎಳೆದುಕೊಳ್ಳುತ್ತೇನೆ. “ಮತ್ತ ಬರಿಯಾಕ ಕುಂತೀರೇನ್? ಬರದ ಕೆಟ್ಟೀರಿ, ಸುಮ್ಕಿರ್ರಿ,” ಎನ್ನುತ್ತಾಳೆ ಹೆಂಡತಿ ರೇಣುಕಾ. ಅವಳ ಮಾತು ಸುಳ್ಳಲ್ಲ.

ಆದರೂ ಕೇಳುತ್ತೇನೆ: ಬರೆದವನು ನಾನು, ನನ್ನನ್ನು ಕರೆಸಿ. ಅವರನ್ನು ಬಿಡಿ. ಈಗ ನೆನಪಿನಿಂದಲೇ ಪ್ರಾರ್ಥಿಸುತ್ತಿದ್ದೇನೆ. ನಲವತ್ತಮೂರರಲ್ಲಿ ಮೂವತ್ತೆಂಟು ಹೆಸರು ಬರುತ್ತವೆ, ಐದು ಬರುವುದೇ ಇಲ್ಲ. ಮುಖ ಕಣ್ಣಮುಂದಿದೆ, ಹೆಸರಿಲ್ಲ. ಆ ಐವರು ಕೊನೆಯ ಪುಟದವರು, ಅವರ ಸರದಿ ಇನ್ನೂ ಬಂದಿಲ್ಲ. ಹುಡುಕಿ ಎಚ್ಚರಿಸೋಣವೆಂದರೂ ನನ್ನಿಂದಾಗದು. ಪುಸ್ತಕ ಕೊಡಲು ಕಾನೂನು ಒಪ್ಪದಿದ್ದರೆ, ಅವರನ್ನು ಕರೆಸುವ ಬದಲು ಆ ಐದು ಹೆಸರನ್ನು, ಪಕ್ಕದಲ್ಲಿರುವ ಕಷ್ಟದ ಸಮೇತ, ನೀವೇ ಒಮ್ಮೆ ಮೆಲ್ಲಗೆ ಓದಿಬಿಡಿ. ಈ ವಾರದ ಪ್ರಾರ್ಥನೆಗೆ ಅಷ್ಟು ಸಾಕು.

ಇಂತಿ,
ಹೆದರಿಕೊಂಡೇ ಮತ್ತೊಮ್ಮೆ ಬರೆದುಕೊಟ್ಟು ಸಿಕ್ಕಿಬಿದ್ದ
ಪ್ರಭುದಾಸ, ಬಣ್ಣದ ಅಂಗಡಿ, ನಾಚಾರಂ